ಕೆಂಚನ ಸರ್ಕಾರಿ ಬೆಲ್ಟು

ಕೇಂದ್ರ ಪೊಲೀಸ್ ಪಡೆಯ ನಾಯಿಗಳಿಗೆಲ್ಲ ಮೂಸುವ ವಿದ್ಯೆ ಕಲಿಸಿದವನು ನಾನೇ. ಸುಳ್ಳು, ಮನೆಯಲ್ಲಿ ಅನ್ನ ಸೀದರೂ ನನಗೆ ವಾಸನೆ ಹತ್ತುವುದಿಲ್ಲ. ಆದರೆ ಬೀದಿನಾಯಿ ಕೆಂಚನ ಸಂಗತಿ ಮಾತ್ರ ನಿಜ.

ಆ ಪಡೆಯ ನೇಮಕಾತಿಗೆ ಕೆಂಚ ಹೋದಾಗ, ಅದೇ ಕೆಲಸಕ್ಕೆ ಬಂದಿದ್ದ ಬಂಗಲೆಯ ನಾಯಿ ರಾಕಿ ನಕ್ಕಿತು. "ಬಾಡು ಕದಿಯೋನು ಪೊಲೀಸ್ ಆಗ್ತಾನಂತೆ!"

ಪರೀಕ್ಷೆ ಮಾಡಲು ಕೂತಿದ್ದ ಮುದಿನಾಯಿ ಸುಬೇದಾರ್ ಸೀಸರ್ ಕೇಳಿದರು: "ಗಡಿ, ರೈಲು, ವಿಮಾನ ನಿಲ್ದಾಣ. ಯಾವುದು ಬೇಕು?"

"ಕಳ್ಳನಾಯಿ ಅನ್ನೋ ಹೆಸರು ಹೋದರೆ ಸಾಕು, ಎಲ್ಲಿಗಾದರೂ ಹಾಕಿ ಬುದ್ಧಿ," ಎಂದ ಕೆಂಚ.

ಹತ್ತು ಚೀಲಗಳಲ್ಲಿ ಒಂದರಲ್ಲಿ ಸಿಡಿಮದ್ದಿತ್ತು. ರಾಕಿ ಅದನ್ನು ಹುಡುಕಿ, ಮೈದಾನವೇ ಅದುರುವಂತೆ ಬೊಗಳಿತು. ಚೀಲಗಳನ್ನು ಅದಲುಬದಲು ಮಾಡಿಟ್ಟರು. ಕೆಂಚ ಒಂದೊಂದನ್ನೇ ಮೂಸುತ್ತಾ ಹೋಗಿ, ಏಳನೆಯದರ ಮುಂದೆ ಸದ್ದಿಲ್ಲದೆ ಕೂತುಬಿಟ್ಟ.

"ಸಿಕ್ಕಿತಲ್ಲ, ಯಾಕೆ ಬೊಗಳಲಿಲ್ಲ?"

"ಬಾಡಿನಂಗಡಿಯಲ್ಲಿ ಬೊಗಳಿದ್ದರೆ ನಾನು ಇಷ್ಟು ದಿನ ಬದುಕಿರುತ್ತಿದ್ದೆನೇ, ಬುದ್ಧಿ?"

ಸುಬೇದಾರರು ಎದ್ದು ನಿಂತರು. "ಬೊಗಳಿದರೆ ಚೀಲ ಇಟ್ಟವನು ಓಡಿಹೋಗುತ್ತಾನೆ. ಕೆಲಸ ನಿನ್ನದು."

ಮಾರನೆಯ ದಿನ ಕೆಂಚ ಸರ್ಕಾರಿ ಬೆಲ್ಟು ಕಟ್ಟಿಕೊಂಡು, ಕತ್ತೆತ್ತಿ, ಅದೇ ಬಾಡಿನಂಗಡಿಯ ಮುಂದೆ ನಡೆದ. ಕಟುಕ ಸಾಬಣ್ಣನೇ ಎದ್ದು ಸೆಲ್ಯೂಟ್ ಹೊಡೆದ. ಆಮೇಲೆ ಕೆಂಚ ಅಲ್ಲೇ ನಿಂತಿದ್ದ ನನ್ನ ಜೇಬನ್ನೂ ಮೂಸಿದ. ಕೂರಲಿಲ್ಲ, ಮುಂದೆ ಹೋದ. ಒಳಗೆ ಏನೂ ಇಲ್ಲವೆಂದು ಸರ್ಕಾರವೇ ಹೇಳಿದ ಮೇಲೆ, ನಾವೀಗ ಕುಡಿದ ಈ ಚಹಾದ ದುಡ್ಡು ನೀವೇ ಕೊಡಬೇಕಲ್ಲವೇ ಸ್ವಾಮಿ?