ಐತಪ್ಪನ ತಲೆಯೂ ಊರುಗೋಲಿನ ಮುದುಕನೂ

"ಕೇಳಿರಪ್ಪೋ ಕೇಳಿ! ಮರಳುಕೋಟೆಯ ರಾಜಕುಮಾರಿ ಚೆಂದಮ್ಮನ ಮೂರು ಒಗಟು ಬಿಡಿಸಿದವನಿಗೆ ಅವಳೊಡನೆ ಮದುವೆ, ಅರ್ಧ ರಾಜ್ಯ, ತಪ್ಪಿದವನಿಗೆ ತಲೆದಂಡ!"

ಡಂಗುರ ಕೇಳಿದ್ದೇ ತಡ, ಕಡಲ ದಂಡೆಯ ಐತಪ್ಪ ಅರಮನೆಗೆ ಓಡಿದ. ಮದುವೆಯ ಆಸೆಗಲ್ಲ, ಒಗಟು ಏನೆಂದು ತಿಳಿಯದಿದ್ದರೆ ಅವನಿಗೆ ಅನ್ನ ಇಳಿಯದು. ಬಾವಿಗೆ ಚಂದ್ರ ಬಿದ್ದಿದ್ದಾನೆಂದರೆ ಹಗ್ಗ ತರುವ ಪೈಕಿ ಅವನು. ಅಂಥ ಕುತೂಹಲದ ಪ್ರಾಣಿ ಇನ್ನೊಂದಿದ್ದರೆ ನನ್ನ ಕಿವಿ ಕತ್ತರಿಸಿ! ಚೆನ್ನಾಗಿ ಕೇಳಿಸಲೆಂದು ಮುಂದೆ ನುಗ್ಗಿ, ಗೊತ್ತಿಲ್ಲದೆ ವರರ ಸಾಲಿನಲ್ಲೇ ನಿಂತುಬಿಟ್ಟ.

ಚೆಂದಮ್ಮ ಕೇಳಿದಳು: "ವರ್ಷ ಕಳೆದಂತೆ ಊರುಗೋಲು ಹೆಚ್ಚಿಸಿಕೊಳ್ಳುವ ಮುದುಕ ಯಾರು? ಮೈಯಲ್ಲಿ ಗರಗಸವಿದ್ದೂ ರಾಣಿಯ ಜಡೆ ಏರುವವರು ಯಾರು? ಬೆಂಕಿಗೆ ಬಾಡಿ, ಆವಿಯಲ್ಲಿ ಬೆಂದು, ಊಟದ ಹೊತ್ತಿಗೆ ತಿಪ್ಪೆ ಸೇರುವವರು ಯಾರು?"

ಮೊದಲನೆಯ ರಾಜಕುಮಾರನ ಮೀಸೆಯ ತುದಿ ಹಿಡಿಯಲೇ ಇಬ್ಬರು ಆಳು. "ಆಲದ ಮರ! ಮೊಸಳೆ! ಸೌದೆ!" ಎಂದು ಗುಡುಗಿದ.

"ಮೊಸಳೆ ನಿಮ್ಮ ತಾಯಿಯ ಜಡೆ ಏರುತ್ತದೆಯೇ? ಎಳೆದೊಯ್ಯಿರಿ!"

ಎರಡನೆಯವನು ಸಣ್ಣ ದನಿಯಲ್ಲಿ, "ಆಲದ ಮರ, ಬಾಚಣಿಗೆ, ಭತ್ತದ ಹೊಟ್ಟು" ಎಂದ. ಅವನನ್ನೂ ಎಳೆದೊಯ್ದರು.

ಐತಪ್ಪ ಹಿಂದೆ ಸರಿಯಹೋದ. ಬೆನ್ನಿಗೆ ಭರ್ಜಿ ತಾಗಿತು. "ನಾನು ಸುಮ್ಮನೆ ನೋಡಲು ಬಂದದ್ದು, ಒಡತೀ!"

"ಸಾಲಿಗೆ ಬಂದವನು ಉತ್ತರ ಕೊಟ್ಟೇ ಹೋಗಬೇಕು."

ತಲೆ ಹೋಗುವ ಹೊತ್ತಲ್ಲೂ ಅವನಿಗೆ ಹೊಳೆದದ್ದು ಪ್ರಶ್ನೆಯೇ. "ಆ ಮೂರನೆಯದ್ದನ್ನು ತಿಂದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದಾ?"

ಚೆಂದಮ್ಮ ಹುಬ್ಬೇರಿಸಿದಳು. "ಅದನ್ನು ಯಾರು ತಿನ್ನುತ್ತಾರೆ?"

"ನಾನು! ಸಣ್ಣವನಿದ್ದಾಗ ಹಸಿವು ತಡೆಯದೆ ಮೂಡೆ ಕಡುಬನ್ನು ಸುತ್ತಿದ ಎಲೆಸಮೇತ ಕಚ್ಚಿದ್ದೆ. ಅಮ್ಮ ಬೆನ್ನಿಗೆ ಗುದ್ದಿ ಗುದ್ದಿ ಕಕ್ಕಿಸಿದಳು..." ಅಷ್ಟರಲ್ಲಿ ಅವನ ಕಣ್ಣು ಅಗಲವಾಯಿತು. "ಅರೆ! ಎಲ್ಲ ಒಂದೇ ಗಿಡ! ನಮ್ಮ ದಂಡೆಯ ಕೇದಗೆ!"

"ಬಿಡಿಸಿ ಹೇಳು."

"ಕಾಂಡದಿಂದ ಇಳಿದು ಮರಳಿಗೆ ಊರುವ ಬೇರುಗಳೇ ಊರುಗೋಲು. ಗರಗಸ ಎಲೆಯಂಚಿನ ಮುಳ್ಳು; ಹೂವು ರಾಣಿಯ ಜಡೆಗೆ. ಎಲೆಯ ಮುಳ್ಳು ತೆಗೆದು, ಬೆಂಕಿಗೆ ಬಾಡಿಸಿ, ಕೊಳವೆಯಂತೆ ಸುತ್ತಿ, ಹಿಟ್ಟು ಹೊಯ್ದು ಬೇಯಿಸಿದರೆ ಮೂಡೆ. ಒಳಗಿನ ಕಡುಬು ಬಾಯಿಗೆ, ಎಲೆ ತಿಪ್ಪೆಗೆ."

ಚೆಂದಮ್ಮ ನಕ್ಕುಬಿಟ್ಟಳು. "ಮೂರು ಒಗಟಿಗೆ ಮೂರು ಉತ್ತರವೇ ಇರಬೇಕೆಂದು ಇವರಿಗೆಲ್ಲ ಯಾರು ಹೇಳಿದರೋ!"

"ಯಾವ ಕಡೆಯ ಅರ್ಧ ರಾಜ್ಯ ಬೇಕು, ಅಳಿಯಂದಿರೇ?" ಎಂದ ಅವಳ ತಂದೆ, ದೊರೆ.

"ಕೇದಗೆ ಇರುವ ಕಡೆಯದ್ದು. ಮತ್ತೆ, ಆ ರಾಜಕುಮಾರರ ತಲೆಗಳೂ ಬೇಕು. ಮೈಸಮೇತ."

"ಅದೇಕೆ?"

"ಮದುವೆಗೆ ಊರಿಗೆಲ್ಲ ಮೂಡೆ ಬೇಡವೇ? ಮುಳ್ಳು ತೆಗೆಯಲು ಆಳು ಸಾಲದು!"

ಮದುವೆಯ ದಿನ ಮೀಸೆಯ ರಾಜಕುಮಾರ ಚುಚ್ಚಿಸಿಕೊಂಡ ಬೆರಳು ಚೀಪುತ್ತ ಪಂಕ್ತಿಯಲ್ಲಿ ಕೂತಿದ್ದ, ತಲೆ ಭುಜದ ಮೇಲೆ ಭದ್ರ. ಮದುಮಗಳು ಮೊದಲ ಮೂಡೆಯನ್ನು ಐತಪ್ಪನಿಗೆ ಬಡಿಸಿ, ಕಿವಿಯಲ್ಲಿ ಮೆಲ್ಲಗೆ ಹೇಳಿದಳು:

"ಎಲೆ ಬಿಡಿಸಿ ತಿನ್ನಿ!"