ತಾಯಿಮಡುವಿನ ಬೊಗಸೆ ನೀರು

ಕಾಲು ಚಾಚಬೇಡಿ, ಕತೆ ಎಡವೀತು. ಮಡಿಚಿ ಕೂತು ಕೇಳಿ.

ಒಂದು ರಾಜ್ಯದಲ್ಲಿ ಒಬ್ಬ ದೊರೆ ಇದ್ದ. ರಾಜ್ಯ ಆಳುವುದು ಅವನ ಕೆಲಸ, ಶಿಕಾರಿ ಅವನ ಹುಚ್ಚು. ಕಾಡಿನ ಅಂಚಿನಲ್ಲಿ, ಹೊಳೆಯ ದಡದಲ್ಲಿ ಅವನದೊಂದು ಬಿಡಾರ ಇತ್ತು. ಮಳೆಗಾಲದಲ್ಲಿ ಅಲ್ಲಿಗೆ ಒಂದು ನರಪಿಳ್ಳೆಯೂ ಸುಳಿಯುತ್ತಿರಲಿಲ್ಲ. ಚಳಿಗಾಲದಲ್ಲಿ ಆನೆ ಬಂದು ಗೋಡೆಗೆ ಮೈ ಉಜ್ಜಿ ಹೋಗುತ್ತಿತ್ತು. ಮುತ್ತುಗ ಹೂ ಬಿಟ್ಟು ಕಾಡು ಕೆಂಪಾಯಿತು ಅಂದರೆ ಆಗ ಬಿಡಾರಕ್ಕೆ ಜೀವ ಬರುತ್ತಿತ್ತು. ಯುಗಾದಿಯ ಬೇವು ಬೆಲ್ಲ ತಿಂದು ದೊರೆ ಅಲ್ಲಿಗೆ ಬರುತ್ತಿದ್ದ. ಹಗಲು ಹಂದಿ ಬೇಟೆ, ಸಂಜೆ ಕೆಳಹೊಳೆಯಲ್ಲಿ ಗಾಳ.

ಆ ಬಿಡಾರವನ್ನು ನೋಡಿಕೊಳ್ಳುತ್ತಿದ್ದವರು ಕಾಳಿಂಗ ಅನ್ನುವ ಬೆಸ್ತ ಮತ್ತು ಅವನ ಹೆಂಡತಿ ತೊರೆಯವ್ವ. ದೊರೆ ಬರುವ ಮುಂಚೆ ಅವರಿಗೆ ಮೈ ತುರಿಸಿಕೊಳ್ಳಲೂ ಪುರುಸೊತ್ತಿಲ್ಲ. ಸೂರಿನ ಹಳೇ ಹುಲ್ಲು ಕಿತ್ತು ಹೊಸ ಹುಲ್ಲು ಹೊದಿಸಬೇಕು. ಇಲಿ ಕಡಿದ ಬಲೆಗೆ ಹೊಸ ಕಣ್ಣು ಹೆಣೆಯಬೇಕು. ಹರಿಗೋಲಿನ ಬಿದಿರು ಬುಟ್ಟಿಗೆ ಹೊಸ ತೊಗಲು ಬಿಗಿದು, ಒರಳಲ್ಲಿ ಕುಟ್ಟಿದ ರಾಳವನ್ನು ಎಣ್ಣೆಯಲ್ಲಿ ಕಾಯಿಸಿ ಬಳಿಯಬೇಕು. ಕಾಡ್ಗಿಚ್ಚು ಹತ್ತಿರ ಬರದ ಹಾಗೆ ಸುತ್ತಲಿನ ತರಗು ಗುಡಿಸಿ ಸುಡಬೇಕು. ಇಷ್ಟು ಮಾಡಿದರೂ ಗೋಡೆಗೆ ಕೆಮ್ಮಣ್ಣು ಬಳಿಯುವುದು ಬಾಕಿ ಇರುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಕೆಲಸ ತಾಯಿಮಡು ಕಾಯುವುದು. ಬಿಡಾರದ ಮುಂದೆಯೇ ಇದ್ದ ಆಳವಾದ ಮಡು ಅದು. ಬೇಸಿಗೆಗೆ ಹೊಳೆ ಬಡವಾದಾಗ ಬಿಳಿಮೀನಿನ ತಾಯಂದಿರೆಲ್ಲ ಅಲ್ಲಿಗೆ ಬಂದು ಸೇರುತ್ತಿದ್ದವು. ತಾಯಿ ಉಳಿದರೆ ತಾನೆ ಮಳೆ ಬಂದಾಗ ಹೊಳೆಗೆಲ್ಲ ಮರಿ? ಅದಕ್ಕೇ ಆ ಮಡುವಿಗೆ ದೊರೆಯೂ ಗಾಳ ಹಾಕುವ ಹಾಗಿರಲಿಲ್ಲ. ಮೀನು ಮೇಲಕ್ಕೆ ಹೋಗಿ ನೀರುನಾಯಿಗಳ ಬಾಯಿಗೆ ಬೀಳದಿರಲಿ ಎಂದು, ಹೊಳೆಯ ನೀರು ಮಡುವಿಗೆ ಇಳಿಯುವ ಎರಡು ಬಂಡೆಗಳ ನಡುವೆ ಬಿದಿರಿನ ತಡಿಕೆ ಕಟ್ಟುತ್ತಿದ್ದರು. ದಿನಾ ಬೆಳಿಗ್ಗೆ ಕಾಳಿಂಗ ಹರಿಗೋಲಿನಲ್ಲಿ ಕೂತು ಅದರ ಅಂಚಿಗೆ ಮೂರು ಸಲ ತಟ್ಟುತ್ತಿದ್ದ. ಟಕ್, ಟಕ್, ಟಕ್. ಮೀನು ಮೇಲೆ ಬರುತ್ತಿದ್ದವು, ರಾಗಿ ಉಂಡೆ ತಿಂದು ಹೋಗುತ್ತಿದ್ದವು. ನಿಮ್ಮನ್ನು ನಿಮ್ಮವ್ವ ಕೂಗಿದರೆ ನೀವು ಅಷ್ಟು ಬೇಗ ಬರುವುದಿಲ್ಲ.

ದೊರೆ ಬಂದ ದಿನ ಒಂದು ಪದ್ಧತಿ. ಮಡು ಕಾಯ್ದವನು ಮೊಣಕಾಲುದ್ದ ನೀರಿಗೆ ಇಳಿದು ಎಲ್ಲರ ಮುಂದೆ ಒಂದು ಬೊಗಸೆ ನೀರು ಕುಡಿಯಬೇಕು. ಮಡು ಚೆನ್ನಾಗಿದೆ ಅನ್ನುವುದಕ್ಕೆ ಅದೇ ಸಾಕ್ಷಿ. ದೊರೆ ಅವನ ತಲೆಗೆ ರೇಶಿಮೆ ಪೇಟ ಸುತ್ತುತ್ತಿದ್ದ. ಆಮೇಲೇ ಬಿಲ್ಲು, ಆಮೇಲೇ ಗಾಳ. ಮಡು ಕೆಟ್ಟಿದ್ದರೆ ಮಾತ್ರ ಪೇಟ ಇಲ್ಲ. ಕಾಯ್ದವನ ಬಲಗೈ ಹೆಬ್ಬೆರಳು ಹೋಗುತ್ತಿತ್ತು. ಹೆಬ್ಬೆರಳಿಲ್ಲದ ಬೆಸ್ತ ಬಲೆ ಹೆಣೆಯುವುದು ಹೇಗೆ? ಪ್ರತಿ ವರ್ಷ ಮುತ್ತುಗ ಹೂ ಬಿಟ್ಟಾಗ ತೊರೆಯವ್ವ ಗಂಡನ ಹೆಬ್ಬೆರಳನ್ನೇ ನೋಡುತ್ತಿದ್ದಳು.

ಬಿಡಾರಕ್ಕೆ ಒಬ್ಬ ಪಾರುಪತ್ಯಗಾರ ಇದ್ದ. ಹೆಸರು ಗುಂಡೇರಾಯ. ಹೆಸರಿಗೆ ತಕ್ಕ ಹೊಟ್ಟೆ, ಹೊಟ್ಟೆಗೆ ತಕ್ಕ ಆಸೆ. ಉಳಿದವರು ದುಡಿದದ್ದನ್ನೆಲ್ಲ ತಾನು ಮಾಡಿದೆ ಅಂತ ಹೇಳಿಕೊಳ್ಳುವುದು ಅವನಿಗಿದ್ದ ಒಂದೇ ವಿದ್ಯೆ. ಆ ಪೇಟ ತನಗೂ ಸಿಗಬೇಕೆಂದು ಪ್ರತಿ ವರ್ಷ ದೊರೆಯ ಹತ್ತಿರ ಗೋಗರೆಯುತ್ತಿದ್ದ. ದೊರೆ ನಕ್ಕು ಸುಮ್ಮನಾಗುತ್ತಿದ್ದ.

ಆ ವರ್ಷ ಪಕ್ಕದ ಸೀಮೆಯ ಪಾಳೆಯಗಾರನ ಮನೆಯಲ್ಲಿ ಮದುವೆ. ಅವನು ಗುಂಡೇರಾಯನಿಗೆ ಗುಟ್ಟಾಗಿ ಹೇಳಿಕಳಿಸಿದ. ಗಾಡಿ ತುಂಬ ಬಿಳಿಮೀನು ಕಳಿಸು, ಕೈತುಂಬ ಬಂಗಾರದ ಕಡಗ ತಗೋ.

ಗುಂಡೇರಾಯ ಕಾಳಿಂಗನ ಹತ್ತಿರ ಬಂದ. ಕಾಳಿಂಗ ಸೂರಿನ ಮೇಲೆ ಹುಲ್ಲು ಹೊದಿಸುತ್ತಿದ್ದ.

"ಕಾಳಿಂಗ, ಮಡುವಿಗೆ ಒಂದು ಬಲೆ ಹಾಕು."

"ಆಗಾಕಿಲ್ಲ ಬುದ್ಧಿ."

ಮತ್ತೆ ಬಂದ. ಕಾಳಿಂಗ ಹರಿಗೋಲಿಗೆ ತೊಗಲು ಬಿಗಿಯುತ್ತಿದ್ದ.

"ಹಾಕದಿದ್ದರೆ ನಿಮ್ಮ ರಾಗಿ ನಿಲ್ಲಿಸುತ್ತೇನೆ."

"ನಿಲ್ಸಿ ಬುದ್ಧಿ. ಗೆಡ್ಡೆ ಗೆಣಸು ತಿಂದ್ಕತೀವಿ."

ಮೂರನೇ ಸಲ ಬಂದ. ಕಾಳಿಂಗ ಬಲೆಯ ಕಣ್ಣು ಹೆಣೆಯುತ್ತಿದ್ದ. ಗುಂಡೇರಾಯ ಈ ಸಲ ಗದರಲಿಲ್ಲ. ಅವನ ಹೆಬ್ಬೆರಳನ್ನು ನೋಡಿ ನಕ್ಕ.

"ಚೆನ್ನಾಗಿ ಹೆಣೀತೀಯಪ್ಪ," ಅಂದು ಹೊರಟುಹೋದ.

ಆ ನಗು ಕಂಡ ಮೇಲೆ ತೊರೆಯವ್ವನಿಗೆ ಅನ್ನ ಇಳಿಯಲಿಲ್ಲ. ಗದರುವವನನ್ನು ನಂಬಬಹುದು, ನಗುವವನನ್ನು ನಂಬಬಾರದು.

ಯುಗಾದಿ ಕಳೆಯಿತು. ಮಾರನೆಯ ದಿನ ತೊರೆಯವ್ವ ಹರಿಗೋಲಿಗೆ ಕೊನೆಯ ಸಲ ರಾಳ ಬಳಿಯೋಣವೆಂದು ಒರಳಿನ ಹತ್ತಿರ ಹೋದಳು. ಒರಳು ಒದ್ದೆಯಾಗಿತ್ತು. ಮೂಸಿದಳು. ರಾಳದ ವಾಸನೆ ಇಲ್ಲ. ಬೆರಳು ಹಾಕಿದಳು. ಸಣ್ಣ ಸಣ್ಣ ಬೀಜ ಅಂಟಿಕೊಂಡವು. ತಿರುಗಿ ಬೇಲಿ ನೋಡಿದಳು. ಬಿಡಾರದ ಸುತ್ತ ಇದ್ದ ಕಾರೆ ಗಿಡಗಳಲ್ಲಿ ಒಂದು ಕಾಯಿಯೂ ಇರಲಿಲ್ಲ.

ಕಾರೆಕಾಯಿ ಏನು ಮಾಡುತ್ತದೆ ಅಂತ ಹೊಳೆಯ ಮಕ್ಕಳಿಗೆ ಗೊತ್ತು. ಅದನ್ನು ಜಜ್ಜಿ ನೀರಿಗೆ ಹಾಕಿದರೆ ಮೀನೆಲ್ಲ ಮತ್ತೇರಿ ಹೊಟ್ಟೆ ಮೇಲೆ ಮಾಡಿ ತೇಲುತ್ತವೆ, ಹಾಗೇ ಸಾಯುತ್ತವೆ. ಮನುಷ್ಯರು ಆ ನೀರು ಕುಡಿದರೆ ಕರುಳು ಬಾಯಿಗೆ ಬರುವ ಹಾಗೆ ವಾಂತಿ.

ತೊರೆಯವ್ವ ಗಂಡನ ಹತ್ತಿರ ಓಡಿದಳು.

"ಗುಂಡೇರಾಯ ಕಾರೆಕಾಯಿ ಕುಟ್ಟಿಟ್ಟವ್ನೆ. ಇವತ್ತು ಸಂಜೆಗೆ ಮಡುವಿಗೆ ಸುರೀತಾನೆ. ಬೆಳಿಗ್ಗೆ ಮೀನು ಬಾಚ್ಕೊಂಡು, ನೀನು ಕದ್ದೆ ಅಂತಾನೆ."

ಕಾಳಿಂಗ ಕೈಯಲ್ಲಿದ್ದ ಬಲೆ ಕೆಳಗಿಟ್ಟ. "ದೊರೆಗೆ ಯೋಳಾನ."

"ದೊರೆ ದಾರೀಲವ್ನೆ. ಇಲ್ಲಿರೋ ಕಾವಲಿನೋರೆಲ್ಲ ಗುಂಡೇರಾಯನ ಉಪ್ಪು ತಿಂದೋರು. ನಮ್ಮ ಮಾತು ಯಾರು ಕೇಳ್ತಾರೆ?"

"ಮತ್ತೇನ್ ಮಾಡಾದಮ್ಮಿ?"

"ತಡಿಕೆ ತೆಗ್ಯಾನ. ಮೀನ ಮೇಲಕ್ಕೆ ಕರ್ಕೊಂಡು ಹೋಗಾನ."

"ಮ್ಯಾಲೆ ನೀರುನಾಯಿ ಅವೆ."

"ನೀರುನಾಯಿ ನಾಕು ತಿಂದಾತು. ಕಾರೆಕಾಯಿ ಒಂದನ್ನೂ ಉಳಿಸಾಕಿಲ್ಲ."

"ಮಡು ಬರಿದಾದ್ರೆ ನನ್ನ ಬೆರಳು," ಅಂದ ಕಾಳಿಂಗ. ಅಷ್ಟು ಹೇಳಿ ತನ್ನ ಕೈ ತಾನೇ ನೋಡಿಕೊಂಡ. ತೊರೆಯವ್ವ ಅಳುವುದಕ್ಕೆ ಶುರುಮಾಡಿದಳು. ಅಳುತ್ತಲೇ ಹರಿಗೋಲು ಎಳೆದಳು.

ಗುಂಡೇರಾಯ ಮಧ್ಯಾಹ್ನ ಉಂಡು ಮಲಗುವವನು. ಜಗುಲಿಯ ಮೇಲೆ ಗೊರಕೆ ಹೊಡೆಯುತ್ತಿದ್ದ. ಗಂಡ ಹೆಂಡತಿ ತಡಿಕೆಯ ಕಟ್ಟು ಬಿಚ್ಚಿದರು. ಹರಿಗೋಲಿಗೆ ಮೊದಲು ಬಳಿದ ರಾಳ ಇನ್ನೂ ಒಣಗಿರಲಿಲ್ಲ, ಕೊನೆಯ ಸಲದ್ದು ಬಾಕಿಯೇ ಇತ್ತು. ಕಾಲು ಅಂಟಿಕೊಂಡವು, ಹೊಲಿಗೆಯಿಂದ ನೀರು ಜಿನುಗಿತು. ತಟ್ಟದೆ ಮೀನು ಬರುವುದಿಲ್ಲ. ತಟ್ಟಿದರೆ ಗುಂಡೇರಾಯ ಎದ್ದಾನು.

ಕಾಳಿಂಗ ಮೆಲ್ಲಗೆ ತಟ್ಟಿದ. ಟಕ್. ಗೊರಕೆ ನಡೆಯುತ್ತಿತ್ತು. ಇನ್ನೊಂದು ತಟ್ಟಿದ. ಟಕ್. ಗೊರಕೆ ನಿಂತಿತು. ಇಬ್ಬರ ಉಸಿರೂ ನಿಂತಿತು. ಗುಂಡೇರಾಯ ಮಗ್ಗುಲು ಬದಲಿಸಿ, ಬಾಯಿ ಚಪ್ಪರಿಸಿ, ಮತ್ತೆ ಗೊರಕೆಗೆ ಇಳಿದ. ಟಕ್. ನೀರಿನ ಅಡಿಯಿಂದ ದೊಡ್ಡ ದೊಡ್ಡ ನೆರಳು ಎದ್ದವು. ತೊರೆಯವ್ವ ಸೊಂಟದುದ್ದ ನೀರಿನಲ್ಲಿ ನಿಂತು ಹರಿಗೋಲನ್ನು ಬಂಡೆಗಳ ನಡುವೆ ಮೇಲಕ್ಕೆ ಎಳೆದಳು. ಕಾಳಿಂಗ ಉಂಡೆ ಉದುರಿಸುತ್ತ, ತಟ್ಟುತ್ತ ಹೋದ. ತಾಯಂದಿರು ಹಿಂದೆ ಹಿಂದೆ ಬಂದವು. ಕೊನೆಯ ಬಾಲ ದಾಟಿದ ಮೇಲೆ ತಡಿಕೆಯನ್ನು ಮೊದಲಿದ್ದ ಹಾಗೇ ಕಟ್ಟಿ, ಹರಿಗೋಲನ್ನು ಹೊತ್ತು ಬಿಡಾರಕ್ಕೆ ತಂದರು.

ಸಂಜೆ ಗುಂಡೇರಾಯ ಕುಟ್ಟಿದ ಕಾರೆಕಾಯಿಯನ್ನು ಮಡುವಿಗೆ ಸುರಿದ. ಬೆಳಿಗ್ಗೆ ಬುಟ್ಟಿ ಹಿಡಿದು ಬಂದ. ಒಂದು ಮೀನೂ ತೇಲಿರಲಿಲ್ಲ. ಬಗ್ಗಿ ನೋಡಿದ, ಕಣ್ಣು ಕಿರಿದು ಮಾಡಿ ನೋಡಿದ, ಕಲ್ಲೆಸೆದು ನೋಡಿದ. ಮದ್ದು ಇನ್ನೂ ಹತ್ತಿಲ್ಲ ಅಂದುಕೊಂಡ. ಅಷ್ಟರಲ್ಲಿ ಕಾಡಿನ ಕಡೆಯಿಂದ ಡಂಗುರ ಕೇಳಿಸಿತು. ದೊರೆ ಬೇಗ ಬಂದುಬಿಟ್ಟಿದ್ದ. ಗುಂಡೇರಾಯ ಬುಟ್ಟಿ ಪೊದೆಗೆ ಎಸೆದು, ಮುಖಕ್ಕೆ ನಗು ಹಚ್ಚಿಕೊಂಡು ಓಡಿದ.

ದೊರೆ ಸೂರು ನೋಡಿದ. "ಹುಲ್ಲು ಚೆನ್ನಾಗಿ ಹೊದಿಸಿದ್ದಾರೆ. ಯಾರು ಮಾಡಿದ್ದು?"

"ನಾನೇ ದೊರೆ," ಅಂದ ಗುಂಡೇರಾಯ.

ದೊರೆ ಹರಿಗೋಲು ನೋಡಿದ. "ತೊಗಲು ಬಿಗಿಯಾಗಿದೆ. ಯಾರ ಕೈ?"

"ನನ್ನದೇ ದೊರೆ."

ದೊರೆ ಬಲೆ ನೋಡಿದ. "ಕಣ್ಣು ಒಂದೇ ಸಮ ಇದೆ. ಯಾರು ಹೆಣೆದದ್ದು?"

"ನಾನೇ. ಈ ಗಂಡ ಹೆಂಡತಿ ಬಿದ್ದುಕೊಂಡಿದ್ದರು. ಎಲ್ಲ ನನ್ನ ತಲೆ ಮೇಲೆ ಬಿತ್ತು."

ಕಾಳಿಂಗನ ಮುಖ ಕಪ್ಪಿಟ್ಟಿತು. ಇನ್ನು ತಾನು ಬೊಗಸೆ ನೀರು ಕುಡಿಯಬೇಕು, ಎಲ್ಲರೆದುರು ವಾಂತಿ ಮಾಡಬೇಕು, ಮಡು ಕೆಡಿಸಿದವನು ನೀನೇ ಅನ್ನಿಸಿಕೊಳ್ಳಬೇಕು. ಬೇಡ ಅಂದರೂ ಅದೇ ಗತಿ. ಅವನ ಕಾಲು ನೀರಿನ ಕಡೆಗೆ ಏಳಲಿಲ್ಲ.

ಆಗ ತೊರೆಯವ್ವ ಮುಂದೆ ಬಂದು ಕೈಮುಗಿದಳು.

"ಅಯ್ಯನೋರು ಯೋಳಿದ್ದು ನಿಜ ಬುದ್ಧಿ. ಸೂರೂ ಅವ್ರದೇ, ಹರಿಗೋಲೂ ಅವ್ರದೇ, ಬಲೆಯೂ ಅವ್ರದೇ. ಮಡುವಿನ ಹತ್ರ ನೆನ್ನೆ ಸಂಜೇಲೂ ಅವ್ರೇ ಇದ್ರು. ಈ ವರ್ಷದ ಬೊಗಸೆ ನೀರು, ಪೇಟ, ಅವ್ರಿಗೇ ಸೇರಬೇಕು."

ದೊರೆ ನಕ್ಕ. "ಗುಂಡೇರಾಯ, ವರ್ಷಾ ವರ್ಷಾ ಕೇಳುತ್ತಿದ್ದೆಯಲ್ಲ. ಇಳಿ ನೀರಿಗೆ."

ಗುಂಡೇರಾಯನ ಮುಖದ ನಗು ಜಾರಿತು. "ಬೇಡ ದೊರೆ, ಅದು ಕಾಳಿಂಗನ ಹಕ್ಕು. ಅವನೇ ಕುಡೀಲಿ."

"ಬಿದ್ದುಕೊಂಡಿದ್ದವನಿಗೆ ಎಂಥ ಹಕ್ಕು? ಕುಡಿ."

"ಇವತ್ತು ನನಗೆ ಉಪವಾಸ."

"ನೀರಿಗೆ ಉಪವಾಸ ಕೆಡುವುದಿಲ್ಲ. ಕುಡಿ."

"ಗಂಟಲು ನೋವು ದೊರೆ, ಇಳಿಯೋದಿಲ್ಲ."

ದೊರೆಗೆ ಬೇಸರ ಬಂತು. "ಪದ್ಧತಿ ತಪ್ಪಬಾರದು. ಯಾರೂ ಇಲ್ಲದಿದ್ದರೆ ನಾನೇ ಕುಡಿಯುತ್ತೇನೆ," ಅಂದವನೇ ಜೋಡು ಬಿಟ್ಟು ನೀರಿಗೆ ಇಳಿದ. ಬಗ್ಗಿದ. ಬೊಗಸೆ ತುಂಬಿದ.

ಹೀಗಾಗುತ್ತದೆ ಅಂತ ತೊರೆಯವ್ವ ಎಣಿಸಿರಲಿಲ್ಲ. ಕೂಗಬೇಕೆಂದು ಬಾಯಿ ತೆರೆದಳು. ಅವಳಿಗಿಂತ ಮುಂಚೆ ಗುಂಡೇರಾಯ ನೀರಿಗೆ ಧುಮುಕಿ ದೊರೆಯ ಕೈ ಹಿಡಿದ. ದೊರೆ ವಾಂತಿ ಮಾಡಿಕೊಂಡರೆ ಕಾಡಿನ ಒಂದೊಂದು ಎಲೆಯನ್ನೂ ತಿರುವಿ ಕೇಳುತ್ತಾರೆಂದು ಅವನಿಗೆ ಗೊತ್ತಿತ್ತು. ಬೊಗಸೆಯ ನೀರೆಲ್ಲ ಚೆಲ್ಲಿತು.

"ಕುಡೀಬೇಡಿ ದೊರೆ. ನೀರು ಸರಿಯಿಲ್ಲ."

ದೊರೆ ತನ್ನ ಒದ್ದೆ ಕೈ ನೋಡಿದ, ಮಡು ನೋಡಿದ. ನೀರು ತಿಳಿಯಾಗಿತ್ತು.

"ನೋಡುವುದಕ್ಕೆ ತಿಳಿಯಾಗೇ ಇದೆ. ಸರಿಯಿಲ್ಲ ಅಂತ ನಿನಗೆ ಹೇಗೆ ಗೊತ್ತು?"

ಗುಂಡೇರಾಯ ಕಾಳಿಂಗನ ಕಡೆ ಬೆರಳು ಮಾಡಿದ. "ಈ... ಈ ಕಾಳಿಂಗನೇ ಏನೋ ಹಾಕಿದ್ದಾನೆ."

"ಕಾಳಿಂಗ ಬಿದ್ದುಕೊಂಡಿದ್ದ ಅಂದೆ. ಈಗ ತಾನೆ ಅವನೇ ಕುಡೀಲಿ ಅಂದೆ. ಸರಿಯಿಲ್ಲ ಅಂತ ಗೊತ್ತಿದ್ದೂ ಅವನಿಗೆ ಕುಡಿಸುತ್ತಿದ್ದೆಯಾ?"

ತೊರೆಯವ್ವ ಒರಳು ತೋರಿಸಿದಳು, ಬರಿದಾದ ಕಾರೆ ಬೇಲಿ ತೋರಿಸಿದಳು. ಆಮೇಲೆ ತನ್ನ ಬಲಗೈ ಚಾಚಿದಳು.

"ಮಡು ಬರಿದು ಮಾಡಿದ್ದು ಅಯ್ಯನೋರಲ್ಲ ಬುದ್ಧಿ, ನಾನು. ತಡಿಕೆ ತೆಗೆದು ಮೀನ ಮೇಲಕ್ಕೆ ಕಳಿಸ್ದೋಳು ನಾನು. ಉಳಿದವೋ ಇಲ್ವೋ ಗೊತ್ತಿಲ್ಲ. ಬೆರಳು ತೆಗೀಬೇಕಾದ್ರೆ ನಂದು ತೆಗೀರಿ, ನನ್ನ ಗಂಡಂದು ಬೇಡ. ಅವನು ಬಲೆ ಹೆಣೀಬೇಕು."

ದೊರೆ ಮುಂದೆ ನಡೆದ. ಎಲ್ಲರೂ ಬಂಡೆ ಹತ್ತಿ ಮೇಲಿನ ಹೊಳೆಗೆ ಹೋದರು. ಕಾಳಿಂಗ ಹರಿಗೋಲು ಹೊತ್ತು ತಂದು ಅದರ ಅಂಚಿಗೆ ತಟ್ಟಿದ. ಟಕ್. ನೀರು ಅಲುಗಲಿಲ್ಲ. ಇನ್ನೊಂದು. ಟಕ್. ಏನೂ ಇಲ್ಲ. ದಡದಲ್ಲಿ ಒಂದು ನೀರುನಾಯಿ ಕೂತು ಮೀಸೆ ಒರೆಸಿಕೊಳ್ಳುತ್ತಿತ್ತು. ಅದನ್ನು ಕಂಡು ತೊರೆಯವ್ವ ಕಣ್ಣು ಮುಚ್ಚಿಕೊಂಡಳು. ಕಾಳಿಂಗ ಮೂರನೆಯ ಸಲ ತಟ್ಟಿದ.

ಟಕ್.

ಬಂಡೆಯ ಅಡಿಯಿಂದ ಒಂದು ತಾಯಿ ಬಂತು. ಅದರ ಹಿಂದೆ ಇನ್ನೊಂದು. ಆಮೇಲೆ ಹೊಳೆಯೇ ಎದ್ದು ಬಂದ ಹಾಗೆ ಎಲ್ಲ ಬಂದವು, ಬಾಯಿ ಕಳೆದು ಉಂಡೆ ಕೇಳಿದವು. ತೊರೆಯವ್ವ ನೀರಿನಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಸಂತೋಷಕ್ಕೂ ಅಷ್ಟೇ ಅಳು ಬರುತ್ತದೆ ಅಂತ ಅವಳಿಗೆ ಅವತ್ತೇ ತಿಳಿದದ್ದು.

ದೊರೆ ಪೇಟವನ್ನು ಎರಡಾಗಿ ಹರಿದ. ಅರ್ಧ ಕಾಳಿಂಗನ ತಲೆಗೆ ಸುತ್ತಿದ, ಅರ್ಧ ತೊರೆಯವ್ವನ ಹೆಗಲಿಗೆ ಹೊದಿಸಿದ. ಗುಂಡೇರಾಯನ ಕಡೆ ತಿರುಗಿದ.

"ಬೊಗಸೆ ನೀರು ಬಾಕಿ ಇದೆ. ಕುಡಿ."

ಕುಡಿದ. ಕುಡಿದು ಬೇಲಿ ಹಿಡಿದುಕೊಂಡ. ಮುಂದಿನದನ್ನು ನಾನು ಹೇಳುವುದಿಲ್ಲ, ನೀವಿನ್ನೂ ಉಣ್ಣಬೇಕು.

ದೊರೆ ಇನ್ನೂ ಒಂದು ಮಾತು ಹೇಳಿದ. "ಇನ್ನು ಮೇಲೆ ಇವನು ಪಾರುಪತ್ಯಗಾರನಲ್ಲ. ಕಾಳಿಂಗನ ಕೈಕೆಳಗೆ ಸೂರು ಹೊದಿಸಲಿ, ರಾಳ ಕುಟ್ಟಲಿ. ಇವನು ಬದುಕಿರುವಷ್ಟು ಕಾಲ ದಿನಾ ಬೆಳಿಗ್ಗೆ ತಾಯಿಮಡುವಿನ ಮೊದಲ ಬೊಗಸೆ ನೀರು ಇವನದೇ."

ಹೊಸ ನೀರು ಹರಿದು ಮಡು ತೊಳೆದುಹೋಯಿತು. ತಡಿಕೆ ತೆಗೆದಾಗ ತಾಯಂದಿರು ಇಳಿದು ಬಂದವು. ಅವತ್ತಿನಿಂದ ತಾಯಿಮಡುವಿಗೆ ಗುಂಡೇರಾಯನಷ್ಟು ಒಳ್ಳೆ ಕಾವಲುಗಾರ ಸಿಗಲಿಲ್ಲ. ಯಾರಾದರೂ ನೀರಿಗೆ ಉಗಿಯಲು ಬಾಯಿ ತೆರೆದರೂ ಕೋಲು ಹಿಡಿದು ಓಡಿಬರುತ್ತಿದ್ದ. ಕುಡಿಯಬೇಕಾದವನು ಅವನೇ ಅಲ್ಲವೆ.

ಜಗುಲಿಯ ಮೇಲೆ ಕಾಳಿಂಗ ಬಲೆ ಹೆಣೆಯುತ್ತಿದ್ದ. ಹೆಬ್ಬೆರಳು ಇದ್ದಲ್ಲೇ ಇತ್ತು. ತೊರೆಯವ್ವ ಆಗಾಗ ಅದನ್ನು ನೋಡಿ, ಮತ್ತೆ ಕೆಮ್ಮಣ್ಣು ಕಲಸುತ್ತಿದ್ದಳು.

ನೆನಪಿಡಿ ಮಕ್ಕಳೇ. ಇನ್ನೊಬ್ಬರ ದುಡಿಮೆಯನ್ನು ನನ್ನದು ಅಂದವನು, ತಾನು ಕಲಸಿದ ವಿಷವನ್ನೂ ನನ್ನದು ಅನ್ನಬೇಕಾಗುತ್ತದೆ. ಮಾಡಿದ್ದುಣ್ಣೋ ಮಹರಾಯ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಏಳಿ, ಕೈ ತೊಳೆದುಕೊಂಡು ಬನ್ನಿ. ತೊಳೆದ ನೀರನ್ನು ಹೊಳೆಗೆ ಚೆಲ್ಲಬೇಡಿ, ಗಿಡಕ್ಕೆ ಹಾಕಿ.