ಬಂಡೆಯ ಮೇಲಿನ ನಗಾರಿ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮೂರ ಮಠಕ್ಕೆ ಸೋಮವಾರದ ಪೂಜೆಗೆ ಬರುತ್ತಿದ್ದ ಅಡವಯ್ಯನವರು. ಅವರು ಹೇಳಿದಂತೆಯೇ ಬರೆದಿದ್ದೇನೆ.

ಸೈನ್ಯಕ್ಕೆ ಉಪಗ್ರಹ ಮಾಡಿಸುವ ಕೆಲಸದಲ್ಲಿದ್ದ ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಬುದ್ಧಿ, ಶತ್ರು ಬರುವುದನ್ನು ಮೇಲಿನಿಂದ ನೋಡಿ ತಿಳಿಸುವ ಉಪಗ್ರಹ ಬೇಕೆಂದು ಹೊರಟು ವರ್ಷಗಳಾದವು. ಕೆಲಸ ಮುಗಿಯುತ್ತಲೇ ಇಲ್ಲ. ಸಭೆಗೊಬ್ಬರು ಬಂದು, 'ಒಮ್ಮೆ ಮೇಲೆ ಹೋದರೆ ಮತ್ತೆ ಕೈಗೆ ಸಿಗದು, ಇದನ್ನೂ ಸೇರಿಸಿ' ಎನ್ನುತ್ತಾರೆ. ತೊಡಕು ಎಲ್ಲಿದೆ?"

ಗುರುಗಳು ಹೇಳಿದರು:

ಒಬ್ಬ ಪಾಳೆಯಗಾರನಿದ್ದ. ಅವನ ಸೀಮೆಯ ದನಗಳನ್ನು ಕಳ್ಳದಂಡೊಂದು ಬಂದು ಹೊಡೆದುಕೊಂಡು ಹೋಗುತ್ತಿತ್ತು. ಕೋಟೆಯ ಹಿಂದಿನ ಬಂಡೆಯ ನೆತ್ತಿಯಲ್ಲಿ ನಗಾರಿಯಿಟ್ಟರೆ, ದಂಡು ಕಂಡೊಡನೆ ಬಾರಿಸಬಹುದು. ಹಳ್ಳಿಯವರು ದನಗಳನ್ನು ಕೋಟೆಯೊಳಗೆ ಅಟ್ಟಿಕೊಂಡು ಬರಬಹುದು. ಹಾಗೆಂದು ನಗಾರಿ ಮಾಡಿಸತೊಡಗಿದ.

ಬಂಡೆ ಕಡಿದಾಗಿತ್ತು. ಹಗ್ಗ ಕಟ್ಟಿ ಎಳೆದು ಏರಿಸುವುದು ಒಮ್ಮೆ ಮಾತ್ರ ಆಗುವ ಕೆಲಸ. ಆದ್ದರಿಂದ ದಳವಾಯಿ, "ಹೊಳೆಯಾಚೆಗೂ ಕೇಳಬೇಕು" ಎಂದ. ನಗಾರಿ ಹಿರಿದಾಯಿತು. ಮಂತ್ರಿ, "ಮಳೆಗೆ ಸಡಿಲಾಗಬಾರದು" ಎಂದ. ಚರ್ಮ ಬಿಚ್ಚಿ ಮತ್ತೆ ಬಿಗಿದರು. ಪಾಳೆಯಗಾರನ ಭಾವಮೈದುನ ಬಂದು, ಕುದುರೆ ಬಂದರೆ ಒಂದು ಬಗೆ, ಕಾಲಾಳು ಬಂದರೆ ಇನ್ನೊಂದು ಬಗೆ ನುಡಿಯಲಿ ಎಂದ.

"ಇನ್ನು ಇದಕ್ಕೆ ಹೆಣ್ಣು ನೋಡುವುದೊಂದು ಬಾಕಿ, ಒಡೆಯಾ" ಎಂದ ಚರ್ಮ ಬಿಗಿಯುವವನು.

ಇಷ್ಟರ ನಡುವೆ ದಂಡು ಬಂದು ಹೋಗುತ್ತಲೇ ಇತ್ತು.

ಕೊನೆಗೆ ನಗಾರಿ ನೆತ್ತಿಗೇರಿತು. ಒಂದು ಸಂಜೆ ದಂಡು ಕಂಡಿತು. ಬಾರಿಸಿದರು. ಹೊಳೆಯಾಚೆಗೂ ಕೇಳಿತು. ಆದರೆ ಒಂದು ಕರುವೂ ಕೋಟೆಗೆ ಬರಲಿಲ್ಲ.

ಮರುದಿನ ಪಾಳೆಯಗಾರ ಹಳ್ಳಿಗೆ ಇಳಿದ. ಬರಿದಾದ ಕೊಟ್ಟಿಗೆಯ ಮುಂದೆ ಒಬ್ಬ ರೈತ ನಿಂತಿದ್ದ.

"ಕಿವುಡನೇನೋ ನೀನು? ನಗಾರಿ ಕೇಳಲಿಲ್ಲವೇ?"

"ಕೇಳದೆ ಏನು ಒಡೆಯಾ! ಏರಿಸುವುದನ್ನೂ ನೋಡಿದ್ದೆವು. ಏತಕ್ಕೆಂದು ಯಾರೂ ಹೇಳಲಿಲ್ಲ. ಸಂಜೆಯ ನಗಾರಿ ಎಂದರೆ ನಮಗೆ ಮಂಗಳಾರತಿ. ಬಂಡೆಯ ಮೇಲೆ ಹೊಸ ದೇವರನ್ನು ಕೂರಿಸಿದಿರಿ ಅಂದುಕೊಂಡೆವು. ಮನೆಮಂದಿಯೆಲ್ಲ ಬಯಲಿಗೆ ಬಂದು, ಕಣ್ಣು ಮುಚ್ಚಿ ಕೈಮುಗಿದೆವು. ತಿರುಗಿ ಬರುವಷ್ಟರಲ್ಲಿ ನನ್ನ ಎತ್ತುಗಳಿರಲಿಲ್ಲ."

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, "ಹಾಗಾದರೆ ನಗಾರಿಯಲ್ಲಿ ದೋಷವಿರಲಿಲ್ಲ" ಎಂದ.

"ಗಡಿಯಲ್ಲಿ ನಿಂತ ಸಿಪಾಯಿಯನ್ನು ನಿನ್ನ ಸಭೆಗೆ ಒಮ್ಮೆಯಾದರೂ ಕರೆದಿದ್ದೀಯಾ, ಮಗು?" ಎಂದರು ಗುರುಗಳು.



ಓದಿದವರು ಇದನ್ನು ಇನ್ನೊಬ್ಬರಿಗೆ ಹೇಳಬೇಕೆಂದು ಬೇಡಿಕೊಳ್ಳುತ್ತೇನೆ. ಹೇಳಿದ ಮೇಲೆ, ಅವರು ಏನೆಂದು ತಿಳಿದುಕೊಂಡರು ಎಂಬುದನ್ನೂ ಒಂದು ಮಾತು ಕೇಳಿ.